ಕೊಬ್ಬಲ್ಲ, ಆಲೂಗಡ್ಡೆ

ಕುರಿಯ ಲಿವರ್ ಕಿಲೋಗೆ ನಾನೂರು ಸೋಮ್. ಆಲೂಗಡ್ಡೆ ಮೂವತ್ತೈದು, ಈರುಳ್ಳಿ ಮೂವತ್ತು. ಎಣ್ಣೆ, ಉಪ್ಪು, ಒಲೆಗೆ ಕಲ್ಲಿದ್ದಲು ಬೇರೆ. ಒಂದು ತಟ್ಟೆ ಹುರಿದ ಲಿವರ್ ಬಾಣಲೆಯಿಂದ ಇಳಿಯುವ ಹೊತ್ತಿಗೆ ನನಗೆ ನೂರೈವತ್ತು ಬಿದ್ದಿರುತ್ತದೆ. ಮಾರುವುದು ಇನ್ನೂರ ಇಪ್ಪತ್ತಕ್ಕೆ, ಚಹಾ ರೊಟ್ಟಿ ಸೇರಿಸಿ. ನಮ್ಮ ಕಿರ್ಗೀಜ್ ನಾಡಿನ ಅಟ್‌ಬಾಶಿಯ ದನದ ಸಂತೆಯಲ್ಲಿ ಇದಕ್ಕಿಂತ ಹೆಚ್ಚು ಕೇಳಿದರೆ ಜನ ಪಕ್ಕದ ಅಂಗಡಿಗೆ ನಡೆಯುತ್ತಾರೆ. ಈ ಲೆಕ್ಕ ಯಾಕೆಂದರೆ, ಒಂದು ಭಾನುವಾರ ಒಬ್ಬಳು ಹುಡುಗಿ ನನ್ನ ಅಂಗಡಿಯ ಮುಂದೆ ನಿಂತು ಕ್ಯಾಮೆರಾದಲ್ಲಿ ಒಂದು ಚಿತ್ರ ತೆಗೆದುಕೊಂಡು ಹೋದಳು. ಅವಳಿಗೆ ಅದರಲ್ಲಿ ಒಂದು ಸೋಮ್ ಕೂಡ ಖರ್ಚಾಗಲಿಲ್ಲ. ಖರ್ಚಾದದ್ದೆಲ್ಲ ನಮಗೆ.

ಚಿತ್ರದಲ್ಲಿದ್ದದ್ದು ನಾನು ಮತ್ತು ಕಲ್ಮತ್. ಕಲ್ಮತ್ ಕುರಿ ವ್ಯಾಪಾರಿ, ನನ್ನ ಗಂಡನ ಸ್ನೇಹಿತ. ಗಂಡ ತೀರಿಕೊಂಡ ಮೇಲೂ ಅವನು ಭಾನುವಾರ ತಪ್ಪಿಸಿದವನಲ್ಲ. ಬಂದು ಕೂತು, ತಿನ್ನುವುದಕ್ಕಿಂತ ಹೆಚ್ಚು ಬೈಯುತ್ತಿದ್ದ. ನಾನೂ ಬೈಯುತ್ತಿದ್ದೆ. ಹಾಗೆ ಬೈದುಕೊಳ್ಳಲು ಒಬ್ಬರಿದ್ದರೆ ವಾರ ಸಲೀಸಾಗಿ ಕಳೆಯುತ್ತದೆ. ಒಂಟಿಯಾಗಿ ಅಂಗಡಿ ನಡೆಸುವ ಹೆಂಗಸರಿಗೆ ಇದು ಗೊತ್ತು.

ಆ ಭಾನುವಾರ ಅವನ ಎರಡೂ ಕೈ ಹಗ್ಗದಲ್ಲಿದ್ದವು. ಟಗರು ಕೊಂಡವನು ದುಡ್ಡು ತರಲು ಹೋಗಿದ್ದ. ಟಗರು ಒಂದೇ ಸಮ ಎಳೆಯುತ್ತಿತ್ತು. ನಾನು ತಟ್ಟೆ ತಂದಿಟ್ಟರೆ ಅಲ್ಲಿಂದಲೇ ಕತ್ತು ಉದ್ದ ಮಾಡಿ ನೋಡಿದ.

“ಇದರಲ್ಲಿ ಲಿವರ್ ಎಲ್ಲಿದೆ ಬಾತ್ಮಾ? ಕುರಿ ಬಾಣಲೆ ಒಳಗೆ ಬಿತ್ತೋ, ಇಲ್ಲಾ ಬರೀ ಪಕ್ಕದಲ್ಲಿ ನಡ್ಕೊಂಡು ಹೋಯ್ತೋ?”

“ನೀನು ಮಾರೋ ಕುರೀಲಿ ಎಷ್ಟಿರುತ್ತೋ ಅಷ್ಟೇ ನನ್ನ ಬಾಣಲೇಲಿ ಬರೋದು ಕಲ್ಮತಣ್ಣ. ಮೂಳೆಗೆ ಉಣ್ಣೆ ಸುತ್ತಿ ಮಾರೋನು ನೀನು.”

“ಬರೀ ಆಲೂಗಡ್ಡೆ! ಆಲೂಗಡ್ಡೆಗೆ ಇನ್ನೂರ ಇಪ್ಪತ್ತು!”

“ಬಾಯಿ ಮುಚ್ತೀಯೋ, ನಾನೇ ಮುಚ್ಚಿಸ್ಲೋ?”

ಮುಚ್ಚಿಸಿದೆ. ಒಂದು ತುಂಡು ಲಿವರ್, ಒಂದು ತುಂಡು ಆಲೂಗಡ್ಡೆ ಸೇರಿಸಿ ಅವನ ಬಾಯಿಗೆ ತುರುಕಿದೆ. ಅಗಿದ, ನುಂಗಿದ, ಹಗ್ಗವನ್ನು ತೊಡೆಯ ಕೆಳಗೆ ಒತ್ತಿಕೊಂಡು ತಟ್ಟೆಯಿಂದ ತಾನೊಂದು ತುತ್ತು ಎತ್ತಿದ. “ನೀನೂ ತಿನ್ನು. ಸತ್ರೆ ಇಬ್ರೂ ಸಾಯೋಣ” ಎಂದು ನನ್ನ ಬಾಯಿಗಿಟ್ಟ. ನಾನು ಕಣ್ಣು ಮುಚ್ಚಿ ನಕ್ಕೆ. ಅವನೂ ನಕ್ಕ. ಕೆಂಪು ಜಾಕೆಟ್ಟಿನ ಹುಡುಗಿಯೊಬ್ಬಳು ಕ್ಯಾಮೆರಾ ಹಿಡಿದು ಆಚೆ ನಿಂತಿದ್ದು ಕಂಡಿತ್ತು. ತಟ್ಟೆಗೆ ಕಾಯುತ್ತಿದ್ದಾಳೆ ಎಂದುಕೊಂಡೆ. ತಿರುಗಿ ನೋಡುವಷ್ಟರಲ್ಲಿ ಇರಲಿಲ್ಲ.

ಹೊತ್ತು ಮುಳುಗುವ ಮುಂಚೆ ಚಿತ್ರ ಊರಿನ ಎಲ್ಲರ ಫೋನಿಗೂ ಬಂದಿತ್ತು. ಅವಳು ಅದರ ಅಂಚು ಕತ್ತರಿಸಿ ಇಂಟರ್ನೆಟ್ಟಿಗೆ ಹಾಕಿದ್ದಳು. ಟಗರು ಇರಲಿಲ್ಲ, ಹಗ್ಗ ಇರಲಿಲ್ಲ, ಅಂಗಡಿಯೂ ಇರಲಿಲ್ಲ. ಇದ್ದದ್ದು ಎರಡು ಮುಖ, ಒಂದು ಕೈ, ಆ ಕೈಯಲ್ಲಿ ಒಂದು ಕಂದು ತುಂಡು, ಒಂದು ಬಿಳಿ ತುಂಡು.

ದೂರದ ಊರಿನವರು ಅದನ್ನು ನೋಡಿ ಹೃದಯದ ಗುರುತು ಒತ್ತಿದರು. ನಮ್ಮ ಊರಿನವರು ಹಾಗೆ ಮಾಡಲಿಲ್ಲ. ನಮ್ಮಲ್ಲಿ ಹೆಣ್ಣು-ಗಂಡಿನ ಮಾತು ಗಟ್ಟಿಯಾದಾಗ ಎರಡೂ ಮನೆಯ ಹಿರಿಯರು ಕೂತು, ಬೇಯಿಸಿದ ಲಿವರಿಗೆ ಕುರಿಯ ಬಾಲದ ಬಿಳಿ ಕೊಬ್ಬು ಸೇರಿಸಿ, ಒಬ್ಬರ ಬಾಯಿಗೆ ಒಬ್ಬರು ಇಡುತ್ತಾರೆ. ಅದು ಗಂಟಲಿಳಿಯಿತೆಂದರೆ ಬೀಗರಾದರು ಅಂತ. ಆಮೇಲೆ ಮಾತು ಮುರಿದವರು ದಂಡ ಕಟ್ಟಬೇಕು, ತಲೆ ತಗ್ಗಿಸಬೇಕು. ಕಲ್ಮತನಿಗೆ ಮದುವೆಯಾಗದ ಮಗನಿದ್ದಾನೆ, ಬೆಕ್‌ಮಿರ್ಜಾ. ನನಗೆ ಮದುವೆಯಾಗದ ಮಗಳಿದ್ದಳು, ಐಜಾರ್ಕಿನ್. ಇನ್ನೇನು ಬೇಕು ಊರಿಗೆ?

ಮೊದಲು ಫೋನ್ ಮಾಡಿದವಳು ಕಲ್ಮತನ ಹೆಂಡತಿ ಸೈರಾ.

“ನಿನ್ನನ್ನ ಬೀಗಿತಿ ಅನ್ಲೋ, ಸವತಿ ಅನ್ಲೋ?”

“ಏನೇ ಅದು?”

“ಪಕ್ಕದ ಮನೆಯವಳು ಓಡಿ ಬಂದು, ಸಿಹಿ ಸುದ್ದಿ ತಂದಿದೀನಿ, ಕೈಗೇನಾದ್ರೂ ಕೊಡು ಅಂದ್ಳು. ನಿನ್ನ ಮಗನ ಸಂಬಂಧ ಕೂಡಿ ಬಂತು ಅಂದ್ಳು. ಹೊಸ ಸ್ಕಾರ್ಫ್ ಕೊಟ್ಟುಬಿಟ್ಟೆ! ಆಮೇಲೆ ಚಿತ್ರ ನೋಡ್ತೀನಿ, ಕೆಳಗೆ ಯಾರ್ಯಾರೋ ‘ಐವತ್ತು ವರ್ಷದ ಪ್ರೀತಿ’ ಅಂತ ಬರ್ದಿದಾರೆ. ನಾನು ಕಟ್ಕೊಂಡು ಮೂವತ್ನಾಲ್ಕು ವರ್ಷ ಆಯ್ತು, ಆ ಮನುಷ್ಯ ನನ್ನ ಬಾಯಿಗೆ ಒಂದು ತುತ್ತು ಇಟ್ಟೋನಲ್ಲ.”

“ನಿನ್ನ ಬಾಯಿ ಸುಮ್ನಿದ್ರೆ ತಾನೇ ಇಡೋದು?”

ಇಬ್ಬರೂ ನಕ್ಕೆವು. ಆಮೇಲೆ ಅವಳ ದನಿ ಇಳಿಯಿತು. “ಬಾತ್ಮಾ, ಬೆಕ್‌ಮಿರ್ಜಾ ಗಡ್ಡ ಬೋಳಿಸ್ಕೊಂಡಿದಾನೆ. ಏನೂ ಕೇಳ್ಲಿಲ್ಲ. ಗಡ್ಡ ಬೋಳಿಸ್ಕೊಂಡು ಅಂಗಳದಲ್ಲಿ ಸುಮ್ನೆ ನಿಂತಿದಾನೆ. ನಾನೇನು ಹೇಳ್ಲಿ ಅವನಿಗೆ?”

ಆ ಹುಡುಗನ ಮನಸ್ಸಿನಲ್ಲಿ ನನ್ನ ಮಗಳಿದ್ದಾಳೆ ಎಂಬುದು ಅಂದಿನವರೆಗೆ ಯಾರಿಗೂ ಗೊತ್ತಿರಲಿಲ್ಲ. ಅವನು ಯಾರಿಗೂ ಗೊತ್ತಾಗಬಾರದೆಂದೇ ಇಟ್ಟುಕೊಂಡಿದ್ದ.

ಮರುದಿನ ಐಜಾರ್ಕಿನ್ ನರಿನ್ ಪಟ್ಟಣದಿಂದ ಫೋನ್ ಮಾಡಿದಳು. ಅವಳು ಅಲ್ಲಿ ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಕೊಚ್ಕೋರಿನ ತಲಂತ್ ಎಂಬ ಹುಡುಗನನ್ನು ಒಪ್ಪಿದ್ದಳು. ನಾನೂ ಒಪ್ಪಿದ್ದೆ. ಆ ಶನಿವಾರ ಹುಡುಗನ ತಾಯಿ ತುರ್ಸುನೈ ನಮ್ಮ ಮನೆಗೆ ಬಂದು ಇವಳ ಕಿವಿಗೆ ಓಲೆ ಹಾಕುವುದಿತ್ತು. ಓಲೆ ಹಾಕಿದರೆ ಹೆಣ್ಣು ಆ ಮನೆಯವಳಾದ ಹಾಗೆ.

“ಅಮ್ಮಾ, ಅವ್ರು ಬರಲ್ವಂತೆ.” ಅವಳು ಅಳುತ್ತಿರಲಿಲ್ಲ, ಅಳು ಮುಗಿಸಿ ಮಾತಾಡುತ್ತಿದ್ದಳು. “ಬೇರೆಯವ್ರ ಮುದ್ರೆ ಬಿದ್ದ ಕುದುರೆಗೆ ನಾವು ಹಗ್ಗ ಹಾಕಲ್ಲ ಅಂದ್ರಂತೆ. ತಲಂತ್ ಏನು ಹೇಳಿದ್ರೂ ಕೇಳ್ತಿಲ್ಲ. ಅದು ಆಲೂಗಡ್ಡೆ ಅಂತ ಹೇಳ್ದ. ನನ್ನನ್ನೇನು ಹುಚ್ಚಿ ಅನ್ಕೊಂಡಿದೀಯಾ ಅಂತ ಬೈಸ್ಕೊಂಡ.”

“ನೀನು ತಲೆ ಕೆಡಿಸ್ಕೋಬೇಡ. ಚಿತ್ರ ತೆಗೆದೋಳು ಯಾರು ಅಂತ ಮೊದಲು ಹುಡುಕು.”

“ಹುಡುಕಾಯ್ತು. ಬಿಷ್ಕೆಕ್‌ನೋಳು. ಕುಂದುಜ್ ಅಂತ ಹೆಸರು. ಚಿತ್ರ ಅಳಿಸಿ ಅಂತ ಹೇಳ್ದೆ. ಅಳಿಸಿಬಿಟ್ಳು ಪಾಪ, ತಕ್ಷಣ. ಆದ್ರೆ ಎಲ್ರ ಹತ್ರಾನೂ ಇದೆಯಲ್ಲ ಅಮ್ಮಾ.”

“ಅಳಿಸಿದ್ರೆ ಸಾಲದು, ಅವಳೇ ಇಲ್ಲಿಗೆ ಬರ್ಲಿ ಅನ್ನು.”

ಬರುವುದಿಲ್ಲ ಎಂದುಕೊಂಡಿದ್ದೆ, ಬಂದಳು. ಒಂದು ಪುಟ್ಟ ಕಾರು, ಅದೇ ಕೆಂಪು ಜಾಕೆಟ್ಟು, ಕೈಯಲ್ಲಿ ಒಂದು ದೊಡ್ಡ ಕೇಕು. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಬೈಯಲು ಬಾಯಿ ತೆರೆದವಳು ಅವಳ ಮುಖ ನೋಡಿ ಮೊದಲು ಚಹಾ ಬಗ್ಗಿಸಿಕೊಟ್ಟೆ. ಅಷ್ಟು ದೂರ ಗಾಡಿ ಓಡಿಸಿಕೊಂಡು ಬಂದವಳನ್ನು ಖಾಲಿ ಹೊಟ್ಟೆಯಲ್ಲಿ ಬೈದರೆ ಬೈಗುಳ ಕಿವಿಗಿಳಿಯುವುದಿಲ್ಲ.

“ಅಕ್ಕಾ, ನಮ್ಮಜ್ಜಿ ಫೋನ್ ಮಾಡಿದ್ರು. ಯಾರ ನಿಶ್ಚಯಕ್ಕೆ ಹೋಗಿದ್ಯೇ, ನನಗೆ ಹೇಳ್ಲೇ ಇಲ್ಲ ಅಂದ್ರು. ಆವಾಗ್ಲೇ ನನಗೆ ಹೊಳೆದದ್ದು. ಅಲ್ಲೀವರೆಗೂ ಅದು ಬರೀ ಚೆಂದದ ಚಿತ್ರ ಅನ್ಕೊಂಡಿದ್ದೆ.”

“ನೀನೂ ಕಿರ್ಗೀಜ್ ಹುಡುಗಿ ತಾನೇ? ಲಿವರ್ರೂ ಬಿಳಿ ತುಂಡೂ ಒಟ್ಟಿಗೆ ಕಂಡ್ರೆ ತಲೇಲಿ ಏನೂ ಬರ್ಲಿಲ್ವಾ?”

“ನಾನು ತುಂಡು ನೋಡ್ಲೇ ಇಲ್ಲ ಅಕ್ಕಾ. ಮುಖ ನೋಡ್ತಿದ್ದೆ.”

ಅದು ಸುಳ್ಳಲ್ಲವೆಂದು ನನಗನ್ನಿಸಿತು. ಅವಳು ಫೋನ್ ತೆಗೆದು ಚಿತ್ರ ತೋರಿಸಿದಳು. ಅದುವರೆಗೆ ನಾನು ಅದನ್ನು ಸಿಟ್ಟಿನಲ್ಲಿ ನೋಡಿದ್ದೆನೇ ಹೊರತು ಸರಿಯಾಗಿ ನೋಡಿರಲಿಲ್ಲ. ನನ್ನ ಎರಡು ಹಲ್ಲು ಹೋಗಿವೆ, ನಗುವಾಗ ಕೈ ಅಡ್ಡ ಹಿಡಿಯುವುದು ಅಭ್ಯಾಸ. ಅಲ್ಲಿ ಕೈ ಅಡ್ಡ ಇರಲಿಲ್ಲ. ಗಂಡ ಹೋದ ಮೇಲೆ ನಾನು ಹಾಗೆ ನಗುತ್ತೇನೆಂದು ನನಗೇ ಗೊತ್ತಿರಲಿಲ್ಲ. ಚೆನ್ನಾಗಿತ್ತು. ಚೆನ್ನಾಗಿತ್ತೆಂಬುದೇ ಹೆಚ್ಚು ಸಿಟ್ಟು ತರಿಸಿತು.

“ಕೇಳ್ಬಹುದಿತ್ತಲ್ಲಮ್ಮಾ ಒಂದು ಮಾತು.”

“ಕೇಳಿದ್ರೆ ಮುಖ ಕಲ್ಲಾಗ್ತದೆ ಅಕ್ಕಾ. ಎಲ್ರೂ ಬಟ್ಟೆ ಎಳ್ಕೊಂಡು, ಕೈ ತೊಡೆ ಮೇಲಿಟ್ಕೊಂಡು, ಪಾಸ್‌ಪೋರ್ಟಿಗೆ ಕೂತ ಹಾಗೆ ಕೂರ್ತಾರೆ. ಕೇಳ್ದೆ ತೆಗೆದ್ರೆ ಮಾತ್ರ ಜೀವ ಇರುತ್ತೆ.”

“ಕಲ್ಲಾದ್ರೆ ಆಗ್ಲಿ, ಅದು ನಮ್ಮ ಮುಖ. ಸರಿ, ಮುಂಚೆ ಕೇಳೋಕಾಗ್ಲಿಲ್ಲ ಅಂತಿಟ್ಕೋ. ತೆಗೆದ ಮೇಲೆ ತೋರಿಸ್ಬಹುದಿತ್ತಲ್ಲ? ನಾಲ್ಕು ಹೆಜ್ಜೆ ಆಚೆ ನಿಂತಿದ್ದೆ. ತೋರಿಸಿದ್ರೆ ನಾನೇ ಹೇಳ್ತಿದ್ದೆ, ಬೇಡ ಕಣೇ, ನಮ್ಮ ಜನ ನೋಡಿದ್ರೆ ಬೀಗರಾದ್ರು ಅಂತಾರೆ ಅಂತ. ಚಿತ್ರದಲ್ಲಿರೋರಿಗೇ ಅಲ್ವೇನೇ ಅದರ ಅರ್ಥ ಗೊತ್ತಿರೋದು?”

ಅವಳು ತಲೆ ತಗ್ಗಿಸಿ ರೊಟ್ಟಿ ಚೂರು ಮಾಡುತ್ತಾ ಕೂತಳು. ತಿನ್ನಲಿಲ್ಲ.

“ಈಗ ಏನ್ ಮಾಡ್ಲಿ ಹೇಳಿ. ದುಡ್ಡು ಕೊಡ್ಲಾ?”

“ದುಡ್ಡು ನೆಕ್ಕೊಳ್ಳೋಕಾ? ಕೊಚ್ಕೋರಿಗೆ ನಡಿ. ಹುಡುಗನ ತಾಯಿಗೆ ನೀನೇ ಬಾಯಿಬಿಟ್ಟು ಹೇಳು.”

ಅಷ್ಟರಲ್ಲಿ ಕಲ್ಮತ್ ಬಂದ. ಹೊಸ್ತಿಲಾಚೆಯೇ ನಿಂತ. ತಾನೂ ಬರುತ್ತೇನೆ, ತಾನೇ ಆಣೆ ಮಾಡಿ ಹೇಳುತ್ತೇನೆ ಎಂದ. ನಾನು ಬೇಡವೆಂದೆ.

“ಇಬ್ರೂ ಒಂದೇ ಕಾರಲ್ಲಿ ಇಳಿದ್ರೆ ಇನ್ನೊಂದು ಕತೆ ಹುಟ್ಟುತ್ತೆ ಕಲ್ಮತಣ್ಣ.”

“ಹೌದು” ಅಂದ. ಟೋಪಿ ಸರಿಮಾಡಿಕೊಂಡು ಹೊರಟುಹೋದ. ಹಿಂದೆ ಆಗಿದ್ದರೆ ಅಷ್ಟಕ್ಕೆ ಅವನು ನನ್ನನ್ನು ಬಿಡುತ್ತಿರಲಿಲ್ಲ.

ಹೆಣ್ಣಿನ ಕಡೆಯವರು ತಾವಾಗಿ ಗಂಡಿನ ಮನೆಯ ಬಾಗಿಲು ತಟ್ಟುವುದು ನಮ್ಮಲ್ಲಿಲ್ಲ. ಮಗಳನ್ನು ದಾಟಿಸಲು ಬಂದರು ಅನ್ನುತ್ತಾರೆ. ಹಾಗಾಗಿ ಕುಂದುಜ್ ಒಬ್ಬಳೇ ಒಳಗೆ ಹೋಗಬೇಕು, ನಾನು ಕಾರಿನಲ್ಲಿ ಕೂರಬೇಕು ಎಂದು ಗೊತ್ತುಮಾಡಿಕೊಂಡೆವು. ಡೊಲೋನ್ ಘಟ್ಟ ದಾಟುವಾಗ ಮಂಜು ಬೀಳುತ್ತಿತ್ತು. ದಾರಿಯುದ್ದಕ್ಕೂ ಅವಳು ಹೇಳಬೇಕಾದ್ದನ್ನು ಬಾಯಿಪಾಠ ಮಾಡುತ್ತಿದ್ದಳು. ನಾನು ತಿದ್ದುತ್ತಿದ್ದೆ.

“‘ಆ ಸನ್ನಿವೇಶದಲ್ಲಿ’ ಅನ್ಬೇಡ್ವೇ. ‘ನಾನು ದಡ್ಡತನ ಮಾಡ್ದೆ’ ಅನ್ನು, ಬೇಗ ಅರ್ಥ ಆಗುತ್ತೆ.”

ತುರ್ಸುನೈ ಮನೆಯ ಗೇಟಿನ ಎದುರು ನಾನು ಸ್ಕಾರ್ಫನ್ನು ಹುಬ್ಬಿನವರೆಗೆ ಎಳೆದುಕೊಂಡು ಕೂತೆ. ಕುಂದುಜ್ ಒಳಗೆ ಹೋದಳು. ಒಳಗಿಂದ ಮೊದಲು ನಾಯಿಯ ದನಿ ಬಂತು, ಆಮೇಲೆ ಹೆಂಗಸಿನ ದನಿ, ಅದು ನಾಯಿಗಿಂತ ಜೋರು. ಆಮೇಲೆ ಏನೂ ಕೇಳಲಿಲ್ಲ. ಕಾರಿನ ಗಾಜು ಮಬ್ಬಾಯಿತು. ಒರೆಸಿ ನೋಡಿದರೆ ಗೇಟು ತೆರೆದಿದೆ, ದಪ್ಪನೆಯ ಹೆಂಗಸೊಬ್ಬಳು ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಕೆನೆಯ ಬಟ್ಟಲು ಹಿಡಿದು ನೇರ ನನ್ನ ಕಡೆಗೇ ಬರುತ್ತಿದ್ದಾಳೆ. ಮುಖದಲ್ಲಿ ಒಂದು ಚೂರೂ ನಗುವಿಲ್ಲ.

ಮೊಣಕೈಯಿಂದ ಗಾಜು ಬಡಿದಳು. ಇಳಿಸಿದೆ.

“ನಮ್ಮ ಗೇಟಿನ ತನಕ ಬಂದೋರು ರೊಟ್ಟಿ ಮುಟ್ಟದೆ ಹೋಗೋ ಹಾಗಿಲ್ಲ. ಕಳ್ಳನೇ ಬರ್ಲಿ, ಕೊಟ್ಟೇ ಓಡಿಸೋದು. ಮುರೀರಿ.”

ನಾನು ಮುರಿದು ಕೆನೆಗದ್ದಿ ಬಾಯಿಗಿಟ್ಟೆ. ಒಳ್ಳೆ ಕೆನೆ, ಚಮಚ ನಿಲ್ಲುವಷ್ಟು ಗಟ್ಟಿ.

“ಕೆನೆ ಚೆನ್ನಾಗಿದೆ” ಅಂದೆ.

“ಗೊತ್ತು.” ಅವಳು ಕದಲಲಿಲ್ಲ. “ನನಗೊಂದು ಹೇಳಿ. ನಿಜಕ್ಕೂ ಆಲೂಗಡ್ಡೆನಾ?”

“ನನ್ನ ಗಂಡನ ಗೋರಿ ಮೇಲಾಣೆ, ಆಲೂಗಡ್ಡೆ. ಹಿಂದಿನ ವಾರ ಇಲ್ಲಿಂದಾನೇ ತರಿಸಿದ್ದು, ಕೊಚ್ಕೋರಿನ ಮಾಲು.”

ಹಿಂದೆ ಬಂದು ನಿಂತಿದ್ದ ಕುಂದುಜ್ ಅಷ್ಟರಲ್ಲಿ ಕ್ಯಾಮೆರಾ ಹಿಡಿದು, ಅದೇ ಹೊತ್ತಿನಲ್ಲಿ ತೆಗೆದ ಬೇರೆ ಚಿತ್ರಗಳನ್ನು ಒಂದೊಂದಾಗಿ ಮುಂದೆ ಮಾಡಿದಳು. ಕಲ್ಮತ್ ಬಾಯಿ ತೆರೆದು ಬೈಯುತ್ತಿರುವುದು, ಟಗರು ಅವನನ್ನು ಬೆಂಚಿನ ಸಮೇತ ಎಳೆಯುತ್ತಿರುವುದು, ನನ್ನ ಬಾಣಲೆಯಲ್ಲಿ ಹೋಳು ಹೋಳು ಆಲೂಗಡ್ಡೆ. ತುರ್ಸುನೈ ಅದನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. ಟಗರಿನ ಚಿತ್ರಕ್ಕೆ ಬಂದಾಗ ಅವಳ ಹೊಟ್ಟೆ ಕುಲುಕಿತು. ಆಮೇಲೆ ಭುಜ. ಕೊನೆಗೆ ಕೆನೆಯ ಬಟ್ಟಲನ್ನು ಕಾರಿನ ಮೇಲಿಟ್ಟು ನಕ್ಕಳು.

“ಆ ಮನುಷ್ಯನ ಮುಖ ನೋಡಿ! ಟಗರೇ ಅವನನ್ನ ಮಾರೋಕೆ ಎಳ್ಕೊಂಡು ಹೋಗ್ತಿರೋ ಹಾಗಿದೆ!”

ನಾನೂ ನಕ್ಕೆ. ಆದರೆ ಅವಳು ಬೇಗ ನಿಲ್ಲಿಸಿದಳು.

“ಸರಿ, ನನಗೆ ತಿಳೀತು. ಆದ್ರೆ ಅಕ್ಕಾ, ಅರ್ಧ ಕೊಚ್ಕೋರ್ ಆ ಚಿತ್ರ ನೋಡಿದೆ. ನಾನೀಗ ಮನೆ ಮನೆ ಗೇಟಿಗೆ ಹೋಗಿ ‘ಕೊಬ್ಬಲ್ಲ, ಆಲೂಗಡ್ಡೆ’ ಅಂತ ಸಾರ್ಲಾ? ಹಾಲು ಮಾರೋಳು ನಾನು, ದಿನಾ ಎಲ್ರ ಬಾಯಿಗೆ ಸಿಗೋಳು. ನಾಳೆ ಇದೇ ಜನ, ಇನ್ನೊಬ್ರ ಮನೆ ಹೆಣ್ಣನ್ನ ಹಾರಿಸ್ಕೊಂಡು ಬಂದ್ಳು ಅಂತಾರೆ. ನನ್ನ ಸೊಸೆ ಆ ಮಾತು ಕೇಳ್ಕೊಂಡು ಇಲ್ಲಿ ಬಾಳ್ಬೇಕು.”

ಅವಳು ‘ನನ್ನ ಸೊಸೆ’ ಅಂದಿದ್ದಳು. ನಾನು ಅದನ್ನು ಬಿಟ್ಟುಕೊಡಲಿಲ್ಲ, ಹಿಡಿದುಕೊಂಡೆ.

“ಊರ ಬಾಯಿಗೆ ಸುಳ್ಳು ಹಾಕಿದ್ದು ಚಿತ್ರ. ನಿಜ ಹಾಕೋದೂ ಚಿತ್ರಾನೇ ಆಗ್ಲಿ. ಶನಿವಾರ ನೀವು ಬನ್ನಿ. ಓಲೆ ಹಾಕಿ. ಅವತ್ತೇ ಬಾಲದ ಕೊಬ್ಬು, ಲಿವರ್ರು ಎಲ್ಲಾ ಕ್ರಮವಾಗಿ ತಿನ್ನಿಸೋಣ. ಈ ಹುಡುಗಿ ತೆಗೀಲಿ. ನಮ್ಮನ್ನೆಲ್ಲ ಕೇಳಿ ತೆಗೀಲಿ.”

ತುರ್ಸುನೈ ಕುಂದುಜಳನ್ನು ಮೇಲಿಂದ ಕೆಳಗೆ ನೋಡಿದಳು. “ನಾನು ಒಪ್ಪಿದ್ದನ್ನ ಮಾತ್ರ ಹಾಕ್ತೀಯಾ?”

“ನೀವು ಬೇಡ ಅಂದದ್ದನ್ನ ನಿಮ್ಮ ಮುಂದೇನೇ ಅಳಿಸ್ತೀನಿ ಅಮ್ಮಾ.”

“ನನ್ನ ಗಲ್ಲ ಎರಡು ಕಾಣ್ಬಾರದು.”

“ಅದು ಕಷ್ಟ ಅಮ್ಮಾ” ಎಂದಳು ಕುಂದುಜ್. ಬಾಯಿ ತಪ್ಪಿ ಬಂತೆಂದು ಕಾಣುತ್ತದೆ, ಕೂಡಲೇ ಕೈಯಿಂದ ಮುಚ್ಚಿಕೊಂಡಳು. ತುರ್ಸುನೈ ಅವಳ ಬೆನ್ನಿಗೊಂದು ಗುದ್ದಿ, ನಮ್ಮಿಬ್ಬರನ್ನೂ ಒಳಗೆ ಎಳೆದುಕೊಂಡು ಹೋದಳು.

ಶನಿವಾರ ಬಂದರು. ಐಜಾರ್ಕಿನಳ ಕಿವಿಗೆ ಓಲೆ ಬಿತ್ತು. ತುರ್ಸುನೈ ಓಲೆಯ ತೂತು ಸಿಗದೆ ತಡಕಾಡಿದಾಗ ನನ್ನ ಮಗಳು ತಾನೇ ಕಿವಿ ಹತ್ತಿರ ತಂದುಕೊಟ್ಟಳು. ಕುಂದುಜ್ ಒಬ್ಬೊಬ್ಬರನ್ನೂ ಕೇಳಿದಳು. ತಲಂತನ ತಂದೆ ಬೇಡವೆಂದ. ಅವನ ಕೈ ಮಾತ್ರ ಬರುವ ಹಾಗೆ ತೆಗೆದಳು. ನಮ್ಮ ಚಿಕ್ಕಮ್ಮ ಮೊದಲು ಬೇಡವೆಂದು, ಆಮೇಲೆ ಕೋಣೆಗೆ ಹೋಗಿ ಹಿಂದೆ ಕೆಲಸಕ್ಕೆ ಸಿಕ್ಕ ಪದಕಗಳಿದ್ದ ಕೋಟು ಹಾಕಿಕೊಂಡು ಬಂದು ಎಲ್ಲ ಚಿತ್ರದಲ್ಲೂ ನಡುವೆ ನಿಂತಳು. ನಾನು ತುರ್ಸುನೈ ಬಾಯಿಗೆ ಕೊಬ್ಬಿಟ್ಟೆ, ಅವಳು ನನ್ನ ಬಾಯಿಗಿಟ್ಟಳು. ಇಬ್ಬರೂ ಕಲ್ಲಿನ ಹಾಗೆ ಕೂತಿದ್ದೆವು. ಹುಡುಗಿ ಹೇಳಿದ್ದು ನಿಜ, ಪಾಸ್‌ಪೋರ್ಟಿಗೆ ಕೂತ ಹಾಗೇ ಇದ್ದೆವು. ಅವಳು ನಮಗೆಲ್ಲ ತೋರಿಸಿ, ಒಪ್ಪಿಸಿಕೊಂಡು, ಕೆಳಗೆ ನಮ್ಮ ಭಾಷೆಯಲ್ಲೇ ಬರೆದಳು: “ಹಿಂದಿನ ಚಿತ್ರದಲ್ಲಿದ್ದದ್ದು ಆಲೂಗಡ್ಡೆ. ಕೇಳದೆ ತೆಗೆದು ಹಾಕಿದ್ದೆ, ತಪ್ಪು ನನ್ನದು. ಇದು ನಿಜವಾದ ಕೊಬ್ಬು, ಕೇಳಿ ತೆಗೆದದ್ದು.”

ಮೊದಲನೆಯದಕ್ಕೆ ಸಾವಿರಾರು ಜನ ಹೃದಯ ಒತ್ತಿದ್ದರು. ಇದಕ್ಕೆ ಅದರ ನೂರರಲ್ಲೊಂದು ಪಾಲೂ ಬರಲಿಲ್ಲ. ಆದರೆ ನಮಗೆ ಬೇಕಾಗಿದ್ದದ್ದು ಕೊಚ್ಕೋರ್ ಮತ್ತು ಅಟ್‌ಬಾಶಿ ಮಾತ್ರ, ಅಲ್ಲಿಗೆ ಅದು ತಲುಪಿತು. ಈಗಲೂ ಸಂತೆಯಲ್ಲಿ ನನ್ನನ್ನು ಕಂಡರೆ ಕೆಲವರು “ಏನಕ್ಕಾ, ಇವತ್ತು ಕೊಬ್ಬೋ ಆಲೂಗಡ್ಡೆಯೋ?” ಅನ್ನುತ್ತಾರೆ. ಅನ್ನಲಿ. ಕುಂದುಜ್ ಆಗಾಗ ಬರುತ್ತಾಳೆ. ಈಗ ಮೊದಲು ಚಹಾ ಕುಡಿಯುತ್ತಾಳೆ, ಆಮೇಲೆ ಕ್ಯಾಮೆರಾ ತೆಗೆಯುತ್ತಾಳೆ. ಹತ್ತು ಜನರನ್ನು ಕೇಳಿದರೆ ನಾಲ್ಕು ಜನ ಬೇಡ ಅನ್ನುತ್ತಾರಂತೆ. ಒಪ್ಪಿದವರನ್ನು ಚಹಾ ಆರುವವರೆಗೆ ಮಾತಾಡಿಸುತ್ತಾ ಕೂತರೆ ಮುಖದ ಕಲ್ಲು ತಾನಾಗಿ ಕರಗುತ್ತದಂತೆ.

ಬೆಕ್‌ಮಿರ್ಜಾ ನನ್ನ ಮಗಳ ಮದುವೆಗೆ ಬಂದಿದ್ದ. ಗಡ್ಡ ಮತ್ತೆ ಬಿಟ್ಟಿದ್ದ. ಕುರಿ ಕೊಯ್ಯಲು ಕೈ ಹಾಕಿದ, ಐಜಾರ್ಕಿನಳಿಗೆ ಒಳ್ಳೆಯದಾಗಲಿ ಎಂದ, ಊಟಕ್ಕೆ ಮುಂಚೆ ಹೊರಟುಹೋದ. ಅವತ್ತು ಗಡ್ಡ ಬೋಳಿಸಿಕೊಂಡು ಅಂಗಳದಲ್ಲಿ ನಿಂತದ್ದನ್ನು ನೆರೆಯವರೆಲ್ಲ ಕಂಡಿದ್ದರು. ತನ್ನಷ್ಟಕ್ಕೆ ಇಟ್ಟುಕೊಂಡಿದ್ದ ಮಾತು ಊರಿಗೆಲ್ಲ ಗೊತ್ತಾದ ಮೇಲೆ ಊರಿನಲ್ಲಿ ನಡೆದಾಡುವುದು ಸುಲಭವಲ್ಲ. ಅವನು ಆ ಚಿತ್ರದಲ್ಲಿ ಇರಲೇ ಇಲ್ಲ, ಆದರೂ ಎಲ್ಲರಿಗಿಂತ ಹೆಚ್ಚು ಸಿಕ್ಕಿಬಿದ್ದವನು ಅವನೇ.

ಕಲ್ಮತ್ ಈಗಲೂ ಭಾನುವಾರ ಬರುತ್ತಾನೆ. ಬೇರೆ ವ್ಯಾಪಾರಿಗಳ ಜೊತೆ ಕೂರುತ್ತಾನೆ, ಒಬ್ಬನೇ ಬಂದರೆ ನಿಂತೇ ತಿನ್ನುತ್ತಾನೆ. ನಾನು ಏನಾದರೂ ಕೆಣಕಿದರೆ ಮೊದಲು ಸುತ್ತ ಒಮ್ಮೆ ನೋಡುತ್ತಾನೆ. ನೋಡುವಷ್ಟರಲ್ಲಿ ಮಾತಿನ ಬಿಸಿ ಹೋಗಿರುತ್ತದೆ. ನಾನೂ ಹಾಗೆಯೇ ಆಗಿದ್ದೇನೆ. ಜಗಳವಿಲ್ಲ, ಮುನಿಸಿಲ್ಲ. ಮನೆಗಳ ನಡುವೆ ಹೋಗಿಬರುವುದು ಹಾಗೇ ಇದೆ, ಸೈರಾ ಹೊಸ ಸ್ಕಾರ್ಫಿನ ಲೆಕ್ಕ ಇನ್ನೂ ಕೇಳುತ್ತಾಳೆ.

ಒಟ್ಟಿನಲ್ಲಿ ಸಿಕ್ಕಿದ್ದು ಒಬ್ಬ ಒಳ್ಳೆಯ ಅಳಿಯ, ದೊಡ್ಡ ದನಿಯ ಬೀಗಿತಿ, ಮಗಳಂಥ ಇನ್ನೊಂದು ಹುಡುಗಿ. ಹೋದದ್ದು ಕಲ್ಮತನೂ ನಾನೂ ಯಾರು ನೋಡುತ್ತಾರೆಂದು ಯೋಚಿಸದೆ ನಗುತ್ತಿದ್ದ ನಗು. ಅದು ಮತ್ತೆ ಬಂದಿಲ್ಲ.